ಹೈನ್ರಿಖ್ ಇಪ್ಪತ್ತೆರಡು ಮತ್ತು ಊಟದ ನಂತರದ ಪಿರಿಯಡ್

ನನ್ನ ಹಳೆಯ ಶಾಲೆಗೆ ಈ ವರ್ಷ ಹೊಸದಾಗಿ ಸೇರಿದ ಸಮಾಜ ವಿಜ್ಞಾನದ ಟೀಚರ್ ರಮ್ಯಾ ಕಳೆದ ವಾರ ಫೋನ್ ಮಾಡಿದ್ದಳು. ಪಿಎಸ್‌ಸಿ ಪರೀಕ್ಷೆ ಬರೆದು, ಲಿಸ್ಟಿನಲ್ಲಿ ಹೆಸರು ಬಂದು, ವರ್ಷಗಟ್ಟಲೆ ಕಾದು ಅಂತೂ ಕೆಲಸ ಸಿಕ್ಕಿದ ಹುಡುಗಿ. "ಟೀಚರೇ, ನನಗೆ ಊಟದ ನಂತರದ ಪಿರಿಯಡ್ ಕೊಟ್ಟಿದ್ದಾರೆ. ಯುರೋಪಿನ ಪಾಠ ಸುರು ಮಾಡಿದ ಕೂಡಲೇ ಅರ್ಧ ಕ್ಲಾಸು ನಿದ್ದೆ. ಎಂತ ಮಾಡುವುದು?" ಎಂದು ಕೇಳಿದಳು.

ನನಗೆ ನಗು ಬಂತು. ಮಂಜೇಶ್ವರದ ಹತ್ತಿರದ ಆ ಸರಕಾರಿ ಹೈಸ್ಕೂಲಿನ ಕನ್ನಡ ವಿಭಾಗದಲ್ಲಿ ನನ್ನ ಸರ್ವಿಸು ಕಳೆದದ್ದೇ ಊಟದ ನಂತರದ ಪಿರಿಯಡ್‌ಗಳಲ್ಲಿ. ಟೈಮ್‌ಟೇಬಲ್ ಮಾಡುವಾಗ ಗಣಿತದವರು, ವಿಜ್ಞಾನದವರು ಬೆಳಗ್ಗಿನ ತಂಪು ಹೊತ್ತನ್ನು ಹಂಚಿಕೊಳ್ಳುತ್ತಾರೆ. ಹೊಟ್ಟೆ ತುಂಬಿದ ಮಕ್ಕಳೂ ಹೆಂಚಿನ ಮಾಡಿನ ಸೆಕೆಯೂ ಚರಿತ್ರೆಯ ಪಾಲಿಗೆ ಬರುತ್ತವೆ. ಶಾಲೆಯಲ್ಲಿ ಕೊಡುವ ಅನ್ನಕ್ಕೂ ಹೆಸರುಕಾಳಿನ ಪಲ್ಯಕ್ಕೂ ಇರುವ ನಿದ್ದೆಯ ಶಕ್ತಿಯನ್ನು ಯಾವ ಟ್ರೈನಿಂಗ್ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ.

ರಮ್ಯಾಳಿಗೆ ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಇದು. ಹಾಗಾಗಿ ಬರೆಯುತ್ತಿದ್ದೇನೆ. ನನಗೆ ಸಂಬಳದ ಗ್ರೇಡು ಯಾವಾಗ ಏರಿತು, ಬೀಳ್ಕೊಡುಗೆಯಲ್ಲಿ ಯಾರು ಶಾಲು ಹೊದೆಸಿದರು ಎಂಬುದೆಲ್ಲ ಇಲ್ಲಿ ಇಲ್ಲ. ಅದು ನನಗೇ ಸರಿಯಾಗಿ ನೆನಪಿಲ್ಲ. ನೆನಪಿರುವುದು ಜರ್ಮನಿಯ ಪಾಠ, ಮತ್ತು ಅದರಿಂದ ನಾನು ಪಟ್ಟ ಪಾಡು.

ಆಗಿನ ಪಠ್ಯದಲ್ಲಿ ಜರ್ಮನಿಯ ಏಕೀಕರಣ ಅಂತ ಒಂದು ಭಾಗ ಇತ್ತು. ಮೂವತ್ತೊಂಬತ್ತು ಸಣ್ಣ ದೊಡ್ಡ ರಾಜ್ಯಗಳು, ಅದರಲ್ಲಿ ಪ್ರಶ್ಯಾ ಎಲ್ಲರಿಗಿಂತ ಬಲಾಢ್ಯ, ಅದರ ಮಂತ್ರಿ ಬಿಸ್ಮಾರ್ಕ್ ಎಲ್ಲರನ್ನೂ ಸೇರಿಸಿ ಒಂದು ದೇಶ ಮಾಡಿದ. ಇಷ್ಟೇ ಕತೆ. ಮೊದಲ ವರ್ಷ ನಾನು ಮಹಾ ಉತ್ಸಾಹದಲ್ಲಿ ಎಲ್ಲಿಂದಲೋ ಆ ರಾಜ್ಯಗಳ ಹೆಸರನ್ನೆಲ್ಲ ಹುಡುಕಿ ತಂದು ನೋಟ್ಸ್ ಬರೆಸಿದೆ. ಬವೇರಿಯಾ, ಸ್ಯಾಕ್ಸನಿ, ಹ್ಯಾನೋವರ್ ಎಂದು ಮಕ್ಕಳು ಮಗ್ಗಿ ಹೇಳಿದ ಹಾಗೆ ಹೇಳಿದರು. ಪರೀಕ್ಷೆಯಲ್ಲಿ 'ಜರ್ಮನಿ ಏಕೆ ಒಂದಾಯಿತು?' ಎಂಬ ಪ್ರಶ್ನೆಗೆ ಒಬ್ಬ ಹುಡುಗ 'ಹೆಸರುಗಳು ಬಹಳ ಇದ್ದುದರಿಂದ' ಎಂದು ಉತ್ತರ ಬರೆದ. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನಿಗೆ ನಾನು ಕಲಿಸಿದ್ದು ಅಷ್ಟೇ ಆಗಿತ್ತು.

ನಮ್ಮ ಇಗರ್ಜಿಯಲ್ಲಿ ಆಗ ನಿವೃತ್ತರಾದ ಒಬ್ಬ ಹಿರಿಯ ಫಾದರ್ ಇದ್ದರು. ಪ್ರಾಯದಲ್ಲಿ ಜರ್ಮನಿಯಲ್ಲಿ ಓದಿದವರು. ಒಂದು ಆದಿತ್ಯವಾರ ಪೂಜೆ ಮುಗಿದ ಮೇಲೆ ಅವರ ಹತ್ತಿರ ನನ್ನ ಗೋಳು ತೋಡಿಕೊಂಡೆ.

"ಅಷ್ಟೂ ಹೆಸರು ಬಾಯಿಪಾಠ ಮಾಡಿಸ್ತೀಯಾ ಬಾಯೆ? ಪಾಪ ಮಕ್ಕಳು!" ಅಂದರು. ಮಗಳೇ ಎನ್ನುವ ಹಾಗೆ ಕೊಂಕಣಿಯಲ್ಲಿ ಬಾಯೆ ಎಂದೇ ಅವರು ನನ್ನನ್ನು ಕರೆಯುವುದು. "ಒಂದೇ ಒಂದು ರಾಜ್ಯ ತೆಗೆದುಕೋ. ಸಣ್ಣದು. ಅದರ ಕತೆ ಸರಿಯಾಗಿ ಹೇಳು. ಉಳಿದದ್ದು ತನ್ನಷ್ಟಕ್ಕೆ ಬರ್ತದೆ."

ಅವರೇ ಆರಿಸಿಕೊಟ್ಟ ರಾಜ್ಯದ ಹೆಸರು ರಾಯ್ಸ್. ಅವರ ಜೊತೆ ಓದಿದ ಒಬ್ಬ ಆ ಊರಿನವನಂತೆ. ರಾಯ್ಸ್ ಮನೆತನದ ಹಿರಿಯ ಶಾಖೆಯ ರಾಜ್ಯ ನಮ್ಮ ನಾಲ್ಕೈದು ಪಂಚಾಯತುಗಳನ್ನು ಸೇರಿಸಿದರೆ ಆಗುವಷ್ಟು. ರಾಜಧಾನಿ ಗ್ರೈಟ್ಸ್, ಒಂದು ಹೊಳೆಯ ದಡದ ಪೇಟೆ. ಗುಡ್ಡದ ಮೇಲೆ ಒಂದು ಅರಮನೆ, ಕೆಳಗೆ ಇನ್ನೊಂದು. ನಮ್ಮ ಒಳನಾಡಿನ ಎಣ್ಮಕಜೆಯಿಂದ ಹೊರಟವ ಶಿರಿಯದ ಕಡಲು ಮುಟ್ಟುವ ಮೊದಲೇ ಅಂಥ ರಾಜ್ಯ ಮುಗಿದುಹೋಗುತ್ತಿತ್ತು. ಆದರೆ ಅದಕ್ಕೂ ಒಬ್ಬ ರಾಜ, ಅವನಿಗೊಂದು ಸೈನ್ಯ, ಬಾವುಟ, ನಾಣ್ಯ ಎಲ್ಲ ಇತ್ತು.

ಈ ಮನೆತನದ ವಿಶೇಷ ಎಂತದೆಂದರೆ, ಹುಟ್ಟಿದ ಗಂಡುಮಕ್ಕಳೆಲ್ಲರಿಗೂ ಒಂದೇ ಹೆಸರು, ಹೈನ್ರಿಖ್. ಹಿಂದೆ ಆ ಹೆಸರಿನ ಒಬ್ಬ ಚಕ್ರವರ್ತಿಯ ಋಣ ಅವರ ಮೇಲಿತ್ತಂತೆ, ಅವನ ಗೌರವಕ್ಕೆ ಇಟ್ಟದ್ದು. ಅಣ್ಣ ಹೈನ್ರಿಖ್, ತಮ್ಮ ಹೈನ್ರಿಖ್, ಚಿಕ್ಕಪ್ಪ ಹೈನ್ರಿಖ್, ತೊಟ್ಟಿಲಲ್ಲಿ ಅಳುವವನೂ ಹೈನ್ರಿಖ್. ಗುರುತಿಗೆ ನಂಬರು. ಗಾದಿಯಲ್ಲಿ ಕೂರುವವನಿಗೆ ಮಾತ್ರ ಅಲ್ಲ, ಹುಟ್ಟಿದ ಎಲ್ಲರಿಗೂ ನಂಬರು. ಹಾಗಾಗಿ ರಾಜರ ನಂಬರು ಹನ್ನೊಂದು, ಹದಿಮೂರು, ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೆರಡು ಎಂದು ಹಾರಿಕೊಂಡು ಹೋಗುತ್ತದೆ. ಹಿರಿಯ ಶಾಖೆಯವರು ನೂರರವರೆಗೆ ಎಣಿಸಿ ಮತ್ತೆ ಒಂದರಿಂದ ಸುರು ಮಾಡಬೇಕೆಂದು ನಿಯಮ. ಕಿರಿಯ ಶಾಖೆಯವರದು ಶತಮಾನ ತಿರುಗಿದಾಗ ಹೊಸ ಲೆಕ್ಕ.

ಫಾದರ್ ಇದನ್ನು ಹೇಳಿ ಬಿದ್ದು ಬಿದ್ದು ನಕ್ಕರು. ನಾನು ಅಷ್ಟು ನಗಲಿಲ್ಲ. ನಮ್ಮ ಕೊಂಕಣಿ ಮನೆಗಳಲ್ಲಿ ಹಿರಿಮಗನಿಗೆ ಅಪ್ಪನ ಅಪ್ಪನ ಹೆಸರೇ ಇಡುವುದು. ನನ್ನ ಗಂಡನ ಮನೆಯಲ್ಲಿ ದೊಡ್ಡ ಜೋನ್, ಸಣ್ಣ ಜೋನ್, ಬೊಂಬಾಯಿ ಜೋನ್ ಎಂದು ಮೂವರು ಒಂದೇ ಮೇಜಿನಲ್ಲಿ ಊಟಕ್ಕೆ ಕೂರುತ್ತಿದ್ದರು. ಅವರಿಗೆ ನಂಬರು ಕೊಟ್ಟಿದ್ದರೆ ನನಗೂ ಸುಲಭವಾಗುತ್ತಿತ್ತು.

ಮುಂದಿನ ವರ್ಷದಿಂದ ನನ್ನ ಕ್ಲಾಸು ಬದಲಾಯಿತು. ಹುಡುಗರೆಲ್ಲ ರಾಯ್ಸ್ ಮನೆತನ. ಹಾಜರಿಯಲ್ಲಿ ಯಾರ ನಂಬರು ಎಷ್ಟೋ ಆ ನಂಬರಿನ ಹೈನ್ರಿಖ್. ಹುಡುಗಿಯರು "ನಮಗೆ ಯಾಕೆ ನಂಬರು ಇಲ್ಲ?" ಎಂದು ಗಲಾಟೆ ಮಾಡಿದ್ದಕ್ಕೆ ಅವರನ್ನು ಇಡಿಯಾಗಿ ಪ್ರಶ್ಯಾ ಮಾಡಿದೆ. ಪ್ರಶ್ಯಾದ ಕೆಲಸ ಹುಡುಗರ ಬೆಂಚುಗಳನ್ನು ಒಂದೊಂದಾಗಿ ವಶಪಡಿಸಿಕೊಳ್ಳುವುದು. ಸುಮ್ಮನೆ ಅಲ್ಲ, ಬೆಂಚಿಗೊಂದು ಪ್ರಶ್ನೆ, ಉತ್ತರ ತಪ್ಪಿದರೆ ಬೆಂಚು ಹೋಯಿತು. ಪ್ರತಿ ವರ್ಷ ಒಬ್ಬಳು ಬಿಸ್ಮಾರ್ಕ್ ಆಗುತ್ತಿದ್ದಳು. ನಾನು ಕಂಡ ಬಿಸ್ಮಾರ್ಕರಲ್ಲಿ ಮೀನಿನ ಲಾರಿಯ ಮೊಯ್ದಿನಬ್ಬರ ಮಗಳು ಸಫಿಯಾಳಷ್ಟು ಜೋರಿನವಳು ಇನ್ನೊಬ್ಬಳಿಲ್ಲ. ನಿಜವಾದ ಬಿಸ್ಮಾರ್ಕನಿಗೆ ಅವಳಷ್ಟು ಗಂಟಲು ಇದ್ದಿರಲಿಕ್ಕಿಲ್ಲ.

ಆ ಸಫಿಯಾಳ ವರ್ಷವೇ ನಾನು ಸಿಕ್ಕಿಬಿದ್ದದ್ದು.

ನನಗೆ ಇನ್ನೊಂದು ಅಭ್ಯಾಸ ಇತ್ತು. ಯಾರಾದರೂ ತೂಕಡಿಸಿದರೆ ಬೈಯುವುದಿಲ್ಲ, ಹೊಡೆಯುವುದಿಲ್ಲ. ಮೇಜಿನ ಮೇಲಿನ ಬಾಟ್ಲಿಯಿಂದ ಅಂಗೈಗೆ ನೀರು ತೆಗೆದುಕೊಂಡು ತಲೆಯ ಮೇಲೆ ನಾಲ್ಕು ಹನಿ ಚಿಮುಕಿಸುವುದು. ಮಕ್ಕಳಿಗೆ ಅದು ಖುಷಿ. ಬೇಸಿಗೆಯಲ್ಲಂತೂ ಕೆಲವರು ನೀರಿಗಾಗಿಯೇ ಸುಳ್ಳು ನಿದ್ದೆ ಮಾಡುತ್ತಿದ್ದರು. ವರ್ಷಗಟ್ಟಲೆ ಹೀಗೆ ನಡೆದಿತ್ತು, ಯಾರೂ ಒಂದು ಮಾತು ಆಡಿರಲಿಲ್ಲ.

ಅಂದು ಹಾಜರಿ ಕರೆದು ಹೆಸರು ಹಂಚುತ್ತಿದ್ದೆ. ಇಪ್ಪತ್ತೆರಡನೆಯವನು ಶಂಕರ, ದೇವಸ್ಥಾನದ ಅರ್ಚಕ ಭಟ್ಟರ ಮೊಮ್ಮಗ. ಕರೆದರೆ ಉತ್ತರವಿಲ್ಲ, ಬೆಂಚಿಗೆ ತಲೆ ಕೊಟ್ಟು ಗಾಢ ನಿದ್ದೆ. ನಾನು ಹತ್ತಿರ ಹೋಗಿ, ತಲೆಯ ಮೇಲೆ ನೀರು ಚಿಮುಕಿಸಿ, "ಏಳು ಮಾರಾಯ, ಇವತ್ತಿನಿಂದ ನಿನ್ನ ಹೆಸರು ಹೈನ್ರಿಖ್ ಇಪ್ಪತ್ತೆರಡು" ಅಂದೆ. ಕ್ಲಾಸು ಗೊಳ್ಳೆಂದಿತು. ಅವನೂ ಎದ್ದು ರಾಜನ ಹಾಗೆ ಕೈ ಬೀಸಿದ. ಆಮೇಲೆ ಸಫಿಯಾ ಬೆಂಚು ಕೇಳಲು ಬಂದಾಗ ಅವನು ಉತ್ತರ ತಪ್ಪಿಯೂ ಏಳಲಿಲ್ಲ. "ಬೆಂಚು ಬೇಕಾದ್ರೆ ತೆಕ್ಕೋ, ನಾನು ಇಲ್ಲಿಂದ ಏಳುವುದಿಲ್ಲ" ಅಂದ. ನನಗೆ ಬಹಳ ಸಂತೋಷವಾಯಿತು, ಯಾಕೆಂದರೆ ಚರಿತ್ರೆಯ ಇಪ್ಪತ್ತೆರಡನೆಯ ಹೈನ್ರಿಖ್ ಮಾಡಿದ್ದೂ ಅದನ್ನೇ. ಅವನು ಚಿಕ್ಕವನಿದ್ದಾಗ ಪ್ರಶ್ಯಾದ ಸೈನ್ಯ ಬಂದು ಗ್ರೈಟ್ಸಿನಲ್ಲಿ ಕೂತಿತ್ತು. ಆಮೇಲೆ ಸಾಮ್ರಾಜ್ಯಕ್ಕೆ ಸೇರದೆ ದಾರಿ ಇರಲಿಲ್ಲ, ಸೇರಿದ. ಆದರೆ ಬದುಕಿದಷ್ಟು ಕಾಲ ಬಿಸ್ಮಾರ್ಕನ ಹೆಸರೆತ್ತಿದರೆ ಉರಿದುಬೀಳುತ್ತಿದ್ದ. ಅಷ್ಟು ಸಣ್ಣ ರಾಜ್ಯದ ಅಷ್ಟು ದೊಡ್ಡ ಹಟ!

ಶಂಕರ ಮನೆಗೆ ಹೋಗಿ ಉಮೇದಿನಲ್ಲಿ ಹೇಳಿದ್ದು ಇಷ್ಟೇ: "ಅಜ್ಜಾ, ಲಿಲ್ಲಿ ಟೀಚರ್ ನನ್ನ ತಲೆಗೆ ನೀರು ಹಾಕಿ ಹೈನ್ರಿಖ್ ಅಂತ ಹೆಸರಿಟ್ಟರು."

ನೀವೇ ಯೋಚನೆ ಮಾಡಿ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಟೀಚರ್ ಕ್ರಿಸ್ತಿಯನ್, ತಲೆಗೆ ನೀರು, ಹೊಸ ಹೆಸರು. ನಮ್ಮ ಇಗರ್ಜಿಯಲ್ಲಿ ಮಗುವಿಗೆ ಜ್ಞಾನಸ್ನಾನ ಕೊಟ್ಟು ಮತಕ್ಕೆ ಸೇರಿಸುವುದೂ ಹಾಗೆಯೇ. ಹುಟ್ಟಿದಾಗಿನಿಂದ ಅದನ್ನು ನೋಡಿ ಬೆಳೆದ ನನಗೆ ಅದು ಹೊಳೆಯಲೇ ಇಲ್ಲ, ನೋಡದ ಭಟ್ಟರಿಗೆ ತಕ್ಷಣ ಹೊಳೆಯಿತು.

ಮರುದಿನ ಶಂಕರ ಶಾಲೆಗೆ ಬರಲಿಲ್ಲ. ಅದರ ಮರುದಿನ ಭಟ್ಟರೇ ಬಂದು ಹೆಡ್‌ಮಾಷ್ಟ್ರ ಕೈಯಲ್ಲಿ ದೂರು ಕೊಟ್ಟರು. ವಾರದೊಳಗೆ ಇನ್ನೂ ಇಬ್ಬರು ಹುಡುಗರು ಶಾಲೆಗೆ ಬರುವುದು ನಿಲ್ಲಿಸಿದರು. ಹತ್ತನೆಯ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಹತ್ತಿರ ಬಂದಿತ್ತು. ಶಂಕರನಿಗೆ ಅದಾಗಲೇ ಟೈಫಾಯ್ಡ್ ಬಂದು ಹಾಜರಿ ಕಡಿಮೆ ಇತ್ತು. ಇನ್ನೂ ಕೆಲವು ದಿನ ತಪ್ಪಿದರೆ ಪರೀಕ್ಷೆಗೆ ಕೂರುವ ಹಾಗಿರಲಿಲ್ಲ. ನನ್ನ ಕತೆ ಬೇರೆ. ದೂರು ಮೇಲಿನ ಆಫೀಸಿಗೆ ಹೋದರೆ ವಿಚಾರಣೆ, ಸಸ್ಪೆನ್ಷನ್, ಪೇಪರಿನಲ್ಲಿ ಹೆಸರು.

ಹೆಡ್‌ಮಾಷ್ಟ್ರು ಪಯ್ಯನ್ನೂರು ಕಡೆಯವರು, ಒಳ್ಳೆಯ ಮನುಷ್ಯ. ಆದರೆ ಸರ್ಕ್ಯುಲರಿನಲ್ಲಿ ಇಲ್ಲದ ಯಾವ ಸಂಗತಿಯೂ ಲೋಕದಲ್ಲಿ ನಡೆಯಬಾರದು ಎನ್ನುವವರು. ಜ್ಞಾನಸ್ನಾನದ ಬಗ್ಗೆ ಅವರಿಗೆ ಸರ್ಕ್ಯುಲರ್ ಸಿಕ್ಕಿರಲಿಲ್ಲ.

"ಎರಡು ಸಾಲು ಬರೆದುಕೊಡಿ ಟೀಚರ್," ಎಂದರು. "ತಪ್ಪಾಗಿದೆ, ಇನ್ನು ಮಾಡುವುದಿಲ್ಲ ಅಂತ. ನಾನು ಅವರನ್ನು ಸಮಾಧಾನ ಮಾಡ್ತೇನೆ."

"ಎಂತ ತಪ್ಪಾಗಿದೆ ಅಂತ ಬರೆಯುವುದು ಸರ್? ಬರೆದರೆ ನಾನು ಮಕ್ಕಳ ಜಾತಿ ಕೆಡಿಸಿದ್ದು ಹೌದು ಅಂತಲೇ ಆಗ್ತದಲ್ಲ?"

"ಬರೆಯದಿದ್ದರೆ ನಾನು ದೂರನ್ನು ಮೇಲೆ ಕಳಿಸಲೇಬೇಕು. ಸೋಮವಾರದವರೆಗೆ ಇಟ್ಟುಕೊಳ್ತೇನೆ, ಅಷ್ಟೇ."

ಆ ದಿನಗಳಲ್ಲಿ ನಾನು ಒಬ್ಬಳೇ ಇದ್ದಾಗ ಅತ್ತದ್ದುಂಟು. ಕೆಲಸ ಹೋಗುವ ಭಯ ಇತ್ತು, ಆದರೆ ಅದಕ್ಕಿಂತ ಹೆಚ್ಚು ನೋವಾದದ್ದು ಬಸ್‌ಸ್ಟ್ಯಾಂಡಿನಲ್ಲಿ. ದಿನಾ "ಎಂತ ಟೀಚರೇ, ಬಸ್ಸು ಬರ್ಲಿಲ್ವಾ?" ಎಂದು ಕೇಳುತ್ತಿದ್ದವರು ನನ್ನನ್ನು ಕಂಡ ಕೂಡಲೇ ಮೊಬೈಲು ನೋಡತೊಡಗಿದರು. ಫಾದರ್ ಹತ್ತಿರ ಹೋದರೆ ಅವರು ಮೊದಲು, "ಇಡೀ ಕ್ಲಾಸಿಗೆ ನೀನೇ ಜ್ಞಾನಸ್ನಾನ ಕೊಟ್ಟರೆ ನಮಗೆ ಎಂತ ಕೆಲಸ ಬಾಯೆ?" ಎಂದು ತಮಾಷೆ ಮಾಡಿದರು. ಆಮೇಲೆ ನನ್ನ ಮುಖ ನೋಡಿದರು. "ಕತೆ ಹೇಳಿದ್ದು ನಾನು, ಸಿಕ್ಕಿಬಿದ್ದದ್ದು ನೀನು," ಎಂದು ಕೊನೆಗೆ ಮೆಲ್ಲಗೆ ಅಂದರು.

ಶುಕ್ರವಾರ ನಾನು ಹೆಡ್‌ಮಾಷ್ಟ್ರ ಕೋಣೆಗೆ ಹೋಗಿ, "ಬರೆದುಕೊಡುವುದಿಲ್ಲ ಸರ್, ಪಾಠ ಮಾಡಿ ತೋರಿಸ್ತೇನೆ" ಅಂದೆ. "ಮಕ್ಕಳ ಮನೆಯವರೆಲ್ಲ ಬಂದು ಬೆಂಚಿನಲ್ಲಿ ಕೂರಲಿ. ಅದೇ ಪಾಠ, ಅದೇ ಕ್ಲಾಸು. ಕೇಳಿದ ಮೇಲೂ ತಪ್ಪು ಅಂತ ಕಂಡರೆ ನೀವು ದೂರು ಕಳಿಸಿ."

"ಆಗಲಿ. ಸೋಮವಾರ ಬೆಳಗ್ಗೆ ಇಡುವ."

"ಬೆಳಗ್ಗೆ ಬೇಡ. ಊಟದ ನಂತರ. ನನ್ನ ಪಿರಿಯಡ್ ಅದು."

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಆದರೆ ಒಪ್ಪಿದರು.

ಸೋಮವಾರ ಕ್ಲಾಸು ತುಂಬಿತ್ತು. ಮೊಯ್ದಿನಬ್ಬ ಲಾರಿಯನ್ನು ಶಾಲೆಯ ಗೇಟಿನಲ್ಲೇ ನಿಲ್ಲಿಸಿ ಬಂದಿದ್ದರು, ಮೀನಿನ ವಾಸನೆಯೂ ಜೊತೆಗೆ ಬಂದಿತ್ತು. ಭಟ್ಟರು ಪೂಜೆ ಮುಗಿಸಿ, ಮನೆಯಲ್ಲಿ ಊಟ ಮಾಡಿ, ಬಿಸಿಲಿನಲ್ಲಿ ನಡೆದು ಬಂದು ಮೊದಲ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಶಂಕರ, ತಲೆ ತಗ್ಗಿಸಿಕೊಂಡು. ಹೆಡ್‌ಮಾಷ್ಟ್ರು ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡರು. ಉಳಿದ ಮಕ್ಕಳು ಕಿಟಿಕಿಯ ಸರಳು ಹಿಡಿದು ನಿಂತರು. ನನ್ನ ಮೇಜಿನ ಮೇಲೆ ಎಂದಿನಂತೆ ನೀರಿನ ಬಾಟ್ಲಿ ಇತ್ತು. ತೆಗೆದಿಡಲೋ ಎಂದುಕೊಂಡೆ, ತೆಗೆದರೆ ಹೆದರಿದ ಹಾಗಾಗುತ್ತದೆ ಎಂದು ಅಲ್ಲೇ ಬಿಟ್ಟೆ.

ಬೋರ್ಡಿನಲ್ಲಿ ಜರ್ಮನಿಯ ನಕ್ಷೆ ಬರೆದು ಸುರು ಮಾಡಿದೆ. ಅಷ್ಟೂ ರಾಜ್ಯಗಳು, ಪ್ರತಿಯೊಂದಕ್ಕೂ ಅದರದೇ ಗಡಿ, ಅದರದೇ ಸುಂಕ ಎಂದದ್ದೇ ತಡ, ಮೊಯ್ದಿನಬ್ಬ ಎದ್ದು ನಿಂತರು.

"ಟೀಚರೇ, ನನಗೆ ಮಂಗಳೂರಿಗೆ ಹೋಗ್ಲಿಕ್ಕೆ ತಲಪಾಡಿ ಗಡಿಯಲ್ಲಿ ಒಂದು ಚೆಕ್‌ಪೋಸ್ಟು. ಅದಕ್ಕೇ ತಲೆ ಕೆಟ್ಟು ಹೋಗ್ತದೆ. ಅಲ್ಲಿ ಅಷ್ಟೂ ಚೆಕ್‌ಪೋಸ್ಟಾ? ಮೀನು ಕೊಳೆತು ಹೋಗುದಿಲ್ವಾ?"

"ಅದಕ್ಕೇ ಅವರು ಮೊದಲು ಸುಂಕದ ಗಡಿ ತೆಗೆದದ್ದು. ದೇಶ ಒಂದಾದದ್ದು ಆಮೇಲೆ."

"ಹಾಗೆ ಹೇಳಿ ಮತ್ತೆ!" ಎಂದು ಅವರು ಸಮಾಧಾನದಿಂದ ಕೂತರು. ಏಕೀಕರಣದ ಆರ್ಥಿಕ ಕಾರಣಗಳನ್ನು ಯಾವ ವಿದ್ಯಾರ್ಥಿಯೂ ಅಷ್ಟು ಬೇಗ ಅರ್ಥ ಮಾಡಿಕೊಂಡದ್ದನ್ನು ನಾನು ಕಂಡಿಲ್ಲ.

ನನಗೆ ಧೈರ್ಯ ಬಂತು. ರಾಯ್ಸ್ ಮನೆತನದ ಕತೆಗೆ ಬಂದೆ. ಎಲ್ಲರಿಗೂ ಒಂದೇ ಹೆಸರು ಎಂದಾಗ ಹಿಂದಿನ ಬೆಂಚಿನಲ್ಲಿ ನಗು ಎದ್ದಿತು. "ನಗಬೇಡಿ," ಅಂದೆ. "ನಮ್ಮ ಮನೆಯಲ್ಲಿ ಮೂವರು ಜೋನ್. ಮೊಯ್ದಿನಬ್ಬರೇ, ನಿಮ್ಮಲ್ಲಿ ಎಷ್ಟು ಮಂದಿ ಮಹಮ್ಮದ್?"

"ನಾಲ್ಕು. ಫೋನ್ ಬಂದ್ರೆ ಯಾರಿಗೆ ಅಂತ ಜಗಳವೇ."

"ಭಟ್ಟರ ಮನೆಯಲ್ಲಿ ಅಜ್ಜ ಶಂಕರ, ಮೊಮ್ಮಗನೂ ಶಂಕರ. ಹಿರಿಯರ ಹೆಸರು ನಮ್ಮಲ್ಲಿ ಉಳಿಯಬೇಕು ಅಂತ ತಾನೇ ನಾವು ಇಡುವುದು? ಅವರು ಇಟ್ಟದ್ದೂ ಅದಕ್ಕೆ. ಮಕ್ಕಳಿಗೆ ಆ ಹೆಸರು ಕೊಟ್ಟದ್ದು ಈ ಕೋಣೆಯೊಳಗೆ, ಈ ಪಾಠಕ್ಕೆ. ಬೆಲ್ಲು ಹೊಡೆದರೆ ಅವನು ನಿಮ್ಮ ಶಂಕರನೇ."

ಇಷ್ಟು ಹೇಳಿ ಭಟ್ಟರ ಮುಖ ನೋಡಿದೆ. ಅವರು ಕಣ್ಣು ಮುಚ್ಚಿ ಕೂತಿದ್ದರು. ಸಿಟ್ಟು ತಡೆದುಕೊಳ್ಳುತ್ತಿದ್ದಾರೆ ಎಂದು ಎಣಿಸಿದೆ. ಕ್ಲಾಸೂ ಹಾಗೆಯೇ ಎಣಿಸಿ ಉಸಿರು ಬಿಗಿಹಿಡಿಯಿತು. ಆ ಮೌನದಲ್ಲಿ ಭಟ್ಟರ ಮೂಗಿನಿಂದ ಒಂದು ದೀರ್ಘವಾದ ಗೊರಕೆ ಹೊರಟಿತು.

ಕಿಟಿಕಿಯಲ್ಲಿ ಕಿಸಕ್ಕೆಂದರು. ಶಂಕರ ಅಜ್ಜನ ಮೊಣಕೈ ತಟ್ಟಲು ಹೋಗಿ ಹೆದರಿ ಕೈ ಹಿಂದಕ್ಕೆಳೆದ. ನನ್ನ ಕಣ್ಣು ತಾನಾಗಿ ಬಾಟ್ಲಿಯ ಕಡೆ ಹೋಯಿತು. ಎಲ್ಲರ ಕಣ್ಣೂ ಹೋಯಿತು. ಹೆಡ್‌ಮಾಷ್ಟ್ರು ಕುರ್ಚಿಯಿಂದ ಅರ್ಧ ಎದ್ದು ಬೇಡ ಬೇಡ ಎಂದು ಕೈ ಆಡಿಸಿದರು.

ಆಗ ಮೊಯ್ದಿನಬ್ಬ ಹೇಳಿದರು: "ಎಂತ ಟೀಚರೇ, ನಮ್ಮ ಮಕ್ಕಳಿಗೆ ಒಂದು ನ್ಯಾಯ, ಭಟ್ರಿಗೆ ಒಂದು ನ್ಯಾಯವಾ?"

ಈಗ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಅರ್ಚಕರು, ಊರಿಗೆ ದೊಡ್ಡವರು, ನನ್ನ ಮೇಲೆ ದೂರು ಕೊಟ್ಟವರು. ಆದರೆ ಆ ಗಳಿಗೆಯಲ್ಲಿ ನನಗೆ ಅವರು ಊಟದ ನಂತರದ ಪಿರಿಯಡಿನಲ್ಲಿ ನಿದ್ದೆ ಹೋದ ಒಬ್ಬ ವಿದ್ಯಾರ್ಥಿಯಾಗಿ ಕಂಡರು. ಅಂಗೈಗೆ ನೀರು ತೆಗೆದುಕೊಂಡೆ, ಬೆಂಚಿನ ಹತ್ತಿರ ಹೋದೆ, ತಲೆಯ ಮೇಲೆ ನಾಲ್ಕು ಹನಿ ಚಿಮುಕಿಸಿದೆ.

ಭಟ್ಟರು ಕಣ್ಣು ಬಿಟ್ಟರು. ನನ್ನನ್ನು ನೋಡಿದರು, ನನ್ನ ಒದ್ದೆ ಕೈ ನೋಡಿದರು. ಶಾಲಿನ ತುದಿಯಿಂದ ನಿಧಾನವಾಗಿ ಹಣೆ ಒರೆಸಿಕೊಂಡರು. ಬೋರ್ಡು ನೋಡಿದರು.

"ಎಷ್ಟನೆಯವ ನಾನು ಟೀಚರೇ?" ಎಂದು ಕೇಳಿದರು.

ಮೊದಲು ಸಫಿಯಾ ಕಿಟಿಕಿಯಲ್ಲಿ ನಕ್ಕಳು, ಆಮೇಲೆ ಮೊಯ್ದಿನಬ್ಬ, ಆಮೇಲೆ ಇಡೀ ಕೋಣೆ. ನನಗೆ ನಗುವೂ ಅಳುವೂ ಒಟ್ಟಿಗೆ ಬಂತು. "ಹೊಸ ಕ್ಲಾಸು, ಹೊಸ ಲೆಕ್ಕ," ಎಂದು ಹೇಗೋ ಹೇಳಿದೆ. "ನೀವು ಒಂದನೆಯವರು."

"ಸರಿ. ಆ ಇಪ್ಪತ್ತೆರಡನೆಯವ ಇದ್ದಾನಲ್ಲ, ಅವನು ಕಡೆಗೆ ಒಪ್ಪಿದನಾ?"

"ಸೈನ್ಯದ ಎದುರು ಒಪ್ಪಬೇಕಾಯ್ತು. ಮನಸ್ಸಿನಲ್ಲಿ ಕಡೆಯವರೆಗೂ ಒಪ್ಪಲಿಲ್ಲ."

"ಹಾಗಾದ್ರೆ ನಮ್ಮವನಿಗೆ ಸರಿಯಾದ ನಂಬ್ರವೇ ಸಿಕ್ಕಿದೆ. ಮನೆಯಲ್ಲಿ ಒಂದು ಮಾತು ಕೇಳುವುದಿಲ್ಲ." ಭಟ್ಟರು ಹೆಡ್‌ಮಾಷ್ಟ್ರ ಕಡೆ ತಿರುಗಿದರು. "ಮಾಷ್ಟ್ರೇ, ನಾನು ಕೊಟ್ಟ ದೂರು ವಾಪಸು ಕೊಡಿ. ಮತ್ತೆ, ಪಾಠ ನಿಲ್ಲಿಸಬೇಡಿ ಟೀಚರೇ, ಆ ರಾಜ್ಯದ್ದು ಆಮೇಲೆ ಎಂತಾಯ್ತು ಹೇಳಿ."

ಹೇಳಿದೆ. ದೊಡ್ಡ ಯುದ್ಧ ಮುಗಿದಾಗ ಜರ್ಮನಿಯ ರಾಜರೆಲ್ಲ ಗಾದಿ ಬಿಟ್ಟರು, ರಾಯ್ಸ್ ಕೂಡ ಪಕ್ಕದ ರಾಜ್ಯಗಳ ಜೊತೆ ಸೇರಿ ತುರಿಂಗಿಯಾ ಎಂಬ ಪ್ರಾಂತದೊಳಗೆ ಮಾಯವಾಯಿತು. ಆದರೆ ಮನೆತನ ಹೋಗಲಿಲ್ಲ. ಕಿರಿಯ ಶಾಖೆಯಲ್ಲಿ ಇಂದಿಗೂ ಗಂಡುಮಗು ಹುಟ್ಟಿದರೆ ಹೈನ್ರಿಖ್ ಎಂದೇ ಹೆಸರು, ಮುಂದಿನ ನಂಬರು. "ರಾಜ್ಯ ಹೋದ್ರೂ ಹೆಸರು ಬಿಡ್ಲಿಲ್ಲ ಅನ್ನಿ," ಎಂದರು ಭಟ್ಟರು. ಬೆಲ್ಲು ಹೊಡೆದ ಮೇಲೂ ಯಾರೂ ಏಳಲಿಲ್ಲ.

ಮರುದಿನ ಶಂಕರ ಬಂದ, ಉಳಿದ ಇಬ್ಬರೂ ಬಂದರು. ಮೂವರೂ ಪರೀಕ್ಷೆಗೆ ಕೂತು ಪಾಸಾದರು.

ಆಮೇಲೆ ಶಾಲೆಗೆ ಪ್ರೊಜೆಕ್ಟರು ಬಂತು, ಹೈಟೆಕ್ ಕ್ಲಾಸು ಬಂತು. ಗ್ರೈಟ್ಸಿನ ಎರಡೂ ಅರಮನೆಗಳನ್ನು ಪರದೆಯ ಮೇಲೆ ತೋರಿಸಿದೆ. ಚೆನ್ನಾಗಿಯೇ ಇತ್ತು. ಆದರೆ ಪ್ರೊಜೆಕ್ಟರಿಗಾಗಿ ಕಿಟಿಕಿ ಮುಚ್ಚಿ ಕತ್ತಲೆ ಮಾಡಿದರೆ ನಿದ್ದೆ ಇನ್ನೂ ಸುಖವಾಗಿ ಬರುತ್ತದೆ. ರಮ್ಯಾ, ಬಾಟ್ಲಿ ಹತ್ತಿರವೇ ಇರಲಿ. ಆದರೆ ಮೊದಲು ಮಕ್ಕಳ ಮನೆಯವರ ಪರಿಚಯ ಮಾಡಿಕೋ. ನಾನು ತಡವಾಗಿ ಮಾಡಿಕೊಂಡೆ.

ಭಟ್ಟರು ಅದರ ನಂತರ ದಾರಿಯಲ್ಲಿ ಎಲ್ಲಿ ಸಿಕ್ಕಿದರೂ ನಿಂತು ಮಾತಾಡಿಸುತ್ತಿದ್ದರು. "ಇವತ್ತು ಯಾವ ರಾಜ್ಯ ಟೀಚರೇ?" ಎಂದು ಕೇಳುವರು. ಹೇಳದೆ ಹೋಗಲು ಬಿಡುತ್ತಿರಲಿಲ್ಲ. ಬವೇರಿಯಾದ ಹುಚ್ಚು ರಾಜನ ಕತೆಯನ್ನು ಅವರು ಬಸ್ಸು ತಪ್ಪಿಸಿಕೊಂಡು ಕೇಳಿದ್ದಾರೆ.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಕೃಷಿಭವನದಲ್ಲಿ ಕೆಲಸದಲ್ಲಿರುವ ಶಂಕರನೇ ಫೋನ್ ಮಾಡಿದ. ನಾನು ಹೋದಾಗ ಜಗಲಿಯ ತುಂಬ ದೂರದ ಊರಿನ ನೆಂಟರು. ಸೀರೆಯ ಸೆರಗಿನಲ್ಲಿ ಕಣ್ಣೊರೆಸುತ್ತ, ಕತ್ತಿನಲ್ಲಿ ಶಿಲುಬೆ ಹಾಕಿಕೊಂಡು ಮೆಟ್ಟಿಲು ಹತ್ತುವ ಮುದುಕಿ ಯಾರೆಂದು ಅವರಿಗೆ ಗೊತ್ತಾಗಲಿಲ್ಲ. ಶಂಕರ ಬಂದು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡ. ಅವನಿಗೆ ಹತ್ತನೆಯಲ್ಲಿ ಪಾಠ ಮಾಡಿದ ಟೀಚರು ಎಂದು ಹೇಳುತ್ತಾನೆ ಎಂದು ನಾನು ಎಣಿಸಿದ್ದೆ.

"ಇವರು ಲಿಲ್ಲಿ ಟೀಚರು," ಅಂದ ಅವನು. "ನಮ್ಮ ಅಜ್ಜನ ಟೀಚರು."